ಬೆವರು ತಡೆಯೋ ಪ್ಲೇಯರ್ ಬೇಕಂದ್ರೆ

ದಿನಾ ಓಡೋಕೆ, ಸೈಕಲ್ ತುಳಿಯೋಕೆ ಗಟ್ಟಿಮುಟ್ಟಾದ ಮ್ಯೂಸಿಕ್ ಪ್ಲೇಯರ್ ಯಾವುದು ಅಂತ ಕೇಳಿದ್ದೀರಿ. ದೊಡ್ಡ ಸ್ಕ್ರೀನಿನದು ಬೇಡ. ಬಟ್ಟೆಗೆ ಸಿಕ್ಕಿಸೋ ಕ್ಲಿಪ್, ಒತ್ತಿದರೆ ಟಕ್ ಅನ್ನೋ ಗುಂಡಿಗಳು ಇರೋದನ್ನೇ ತಗೊಳ್ಳಿ. ಬೆವರಿದ ಬೆರಳಿಗೆ ಟಚ್‌ಸ್ಕ್ರೀನ್ ಮಾತು ಕೇಳಲ್ಲ. ಫ್ಲ್ಯಾಶ್ ಮೆಮೊರಿಯದ್ದಾದರೆ ಒಳಗೆ ತಿರುಗೋ ಭಾಗ ಇರಲ್ಲ, ಕುಲುಕಾಟ ತಡೆಯುತ್ತೆ.

ನೀರಿನ ವಿಷಯ ಮಾತ್ರ ಸರಿಯಾಗಿ ನೋಡಿ. ಐಪಿಎಕ್ಸ್7 ಅನ್ನೋದು ನೀರು ತಡೆಯೋ ಮಟ್ಟದ ಗುರುತು; ಅಂದರೆ 1 ಮೀಟರ್ ಆಳದಲ್ಲಿ 30 ನಿಮಿಷ ತಡೆಯುತ್ತೆ, ಅದೂ ಸಿಹಿನೀರಲ್ಲಿ. ಬೆವರಿನ ಉಪ್ಪಿನ ಕಥೆಯೇ ಬೇರೆ. ನನ್ನ ಹಳೇ ಪ್ಲೇಯರ್‌ನ ಇಯರ್‌ಫೋನ್ ತೂತಿನೊಳಗೆ ಹಸಿರು ಕಿಲುಬು ಕಟ್ಟಿ, ಒಂದು ಕಿವಿಗೆ ಹಾಡೇ ನಿಂತುಹೋಗಿತ್ತು. ಈಗ ಓಡಿ ಬಂದ ತಕ್ಷಣ ಒದ್ದೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೇ ಚಾರ್ಜ್‌ಗೆ ಹಾಕ್ತೀನಿ. ಈಜೋಕೂ ಬೇಕಿದ್ದರೆ ಬ್ಲೂಟೂತ್ ನಂಬಬೇಡಿ, ನೀರೊಳಗೆ ಸಿಗ್ನಲ್ ದೂರ ಹೋಗಲ್ಲ; ಹಾಡು ತನ್ನೊಳಗೇ ಇಟ್ಟುಕೊಳ್ಳೋ, ಐಪಿಎಕ್ಸ್8 (ಐಪಿಎಕ್ಸ್7ಗಿಂತ ಮೇಲಿನ ಮಟ್ಟ) ಗುರುತಿನ ಪ್ಲೇಯರ್ ಹುಡುಕಿ.