ಬಾಲ್ಯದ 80 ಪುಟ ಬೇಸರ ತರುತ್ತಾ ಅಂದಿರಲ್ಲ, ಅದಕ್ಕೆ

ಮೇಡಂ, 1779ರ ಚಿತ್ರದುರ್ಗದ ಹುಡುಗ-ಹುಡುಗಿಯ ಪ್ರೇಮಕಥೆ ಬರೀತಿದ್ದೀರಿ, ಮೊದಲ 80 ಪುಟ ಬರೀ ಬಾಲ್ಯವೇ ಆದ್ರೆ ಓದುಗರು ಪುಸ್ತಕ ಮುಚ್ಚಿಡ್ತಾರಾ ಅಂತ ಕೇಳಿದ್ರಿ. ನಾನಂತೂ ಮುಚ್ಚಲ್ಲ. ಆದ್ರೆ ದಾವಣಗೆರೆಯಲ್ಲಿ ನಾವೊಂದಷ್ಟು ಜನ ತಿಂಗಳಿಗೊಮ್ಮೆ ಕೂತು ಓದ್ತೀವಿ, ಅಲ್ಲಿ ಇಂಥ ಕಥೆಗೆ ಬರೋ ಮೊದಲ ತಕರಾರು ಬೇರೆ: ಹುಡುಗ ಸೋದರಮಾವನ ಮಗನೇ ಆದ್ರೆ ತೊಟ್ಟಿಲಲ್ಲೇ ಮದುವೆ ಮಾತಾಗಿರುತ್ತೆ, ಇನ್ನು ಅಡ್ಡಿ ಎಲ್ಲಿಂದ ಬರಬೇಕು?

ಅಡ್ಡಿ ನಿಮ್ಮ ಇಸವಿಯಲ್ಲೇ ಇದೆ. ಕೋಟೆ ಹೈದರಾಲಿ ಕೈಗೆ ಬಿದ್ದ ಮೇಲೆ ಮದಕರಿ ನಾಯಕನನ್ನಷ್ಟೇ ಅಲ್ಲ, ಸುಮಾರು 20,000 ಜನರನ್ನ ಶ್ರೀರಂಗಪಟ್ಟಣಕ್ಕೆ ಸಾಗಿಸಿದರು ಅಂತ ಹಳೇ ಗೆಜೆಟಿಯರ್ ಹೇಳುತ್ತೆ. ಬೇಡರ ಹುಡುಗರನ್ನ ಆರಿಸಿ ಚೇಲಾ ಪಡೆ, ಅಂದ್ರೆ ಸೆರೆಸಿಕ್ಕ ಹುಡುಗರನ್ನ ಮತಾಂತರಿಸಿ ಸಿಪಾಯಿಗಳಾಗಿ ಬೆಳೆಸಿದ ಪಡೆ, ಕಟ್ಟಿದರು. ನಿಮ್ಮ ಹುಡುಗ ಆ ಗುಂಪಲ್ಲಿ ಹೋಗಲಿ. ವರ್ಷಗಳಾದ ಮೇಲೆ ಬೇರೆ ಹೆಸರು, ಬೇರೆ ಧರ್ಮ, ಮೈಮೇಲೆ ಗೆದ್ದವರ ಸಮವಸ್ತ್ರ ಹೊತ್ತು ತಿರುಗಿ ಬಂದರೆ ಅವಳು ಗುರುತು ಹಿಡೀತಾಳಾ? ಹಿಡಿದರೂ ಒಪ್ಪಿಕೊಳ್ತಾಳಾ? ಅಕ್ಕ-ತಂಗಿ ಹೊಂಡದ ಮೆಟ್ಟಿಲ ಮೇಲೆ ಇಬ್ಬರೂ ಕಲ್ಲೆಸೆದು ಆಡಿದ್ದು ಆಗ ಓದುಗರಿಗೆ ಚುರ್ ಅನ್ನುತ್ತೆ. ಹಾಗಾಗಿ 80 ಪುಟ ಇರಲಿ, ಆದ್ರೆ ಅಲ್ಲಿ ಬಂದ ಒಂದೊಂದು ಆಟವೂ ಆಮೇಲೆ ಎಲ್ಲಾದ್ರೂ ಕೆಲಸಕ್ಕೆ ಬರಬೇಕು.

ಓಬವ್ವನ ಕಿಂಡಿ ಬೇಕೇಬೇಕು ಅಂತೇನಿಲ್ಲ, ಎಲ್ಲರೂ ತಂದಿದ್ದಾರೆ. ಮತ್ತೆ ದಯವಿಟ್ಟು ನಾಯಕಿ ಕೈಲಿ ಬೆಣ್ಣೆ ದೋಸೆ ಹುಯ್ಯಿಸಬೇಡಿ, ನಮ್ಮೂರ ಆ ದೋಸೆ 20ನೇ ಶತಮಾನದ್ದು! ನವಣೆ ಅನ್ನ, ಜೋಳದ ರೊಟ್ಟಿ ಸಾಕು.