ಎಂಎಸ್‌ಡಬ್ಲ್ಯೂನಾ, ಸೈಕಾಲಜಿನಾ? ಗಿರಣಿ ಮನೆಯ ಹುಡುಗಿಯ ಪ್ರಕರಣ

ಊರು, ವಯಸ್ಸು, ಮನೆಯ ಕೆಲವು ವಿವರಗಳನ್ನು ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ಬರೆಯೋದಕ್ಕೆ ಹುಡುಗಿ, ಆಕೆಯ ತಂದೆ, ಆಕೆಯ ಕಾಕಾ ಮೂವರೂ ಒಪ್ಪಿದ್ದಾರೆ. ಬರೆದದ್ದನ್ನು ಅವರಿಗೆ ಓದಿಯೂ ಹೇಳಿದ್ದೇನೆ.

ಕಳೆದ ವರ್ಷ, 2025ರ ಸೆಪ್ಟೆಂಬರ್. ಗಣಪತಿ ಹಬ್ಬ ಮುಗಿದು ಕೆಲವು ದಿನ ಆಗಿತ್ತು. ಮುಂದೆ ಏನು ಓದಬೇಕು ಅಂತ ಸಲಹೆ ಕೇಳಲು ಅಪ್ಪ, ಮಗಳು ಒಟ್ಟಿಗೆ ನನ್ನ ಹತ್ತಿರ ಬಂದರು. ಹಾವೇರಿ ಕಡೆಯ ಹಳ್ಳಿ. ಅಪ್ಪನದು ಹಿಟ್ಟಿನ ಗಿರಣಿ. ಕೆಲಸದಿಂದ ಎದ್ದು ಹಾಗೇ ಬಸ್ ಹತ್ತಿದ್ದರು ಅಂತ ಕಾಣುತ್ತದೆ, ಹುಬ್ಬಿನಲ್ಲಿ, ಕಿವಿಯ ಹಿಂದೆ ಜೋಳದ ಹಿಟ್ಟು ಇನ್ನೂ ಇತ್ತು. ಮಗಳು ಸರ್ಕಾರಿ ಕಾಲೇಜಿನಲ್ಲಿ ಬಿ.ಎ. ಮುಗಿಸಿದ್ದಳು. ಇತಿಹಾಸ, ಸಮಾಜಶಾಸ್ತ್ರ, ಐಚ್ಛಿಕ ಕನ್ನಡ.

ಕೂತ ತಕ್ಷಣ ಆಕೆ ಹೇಳಿದಳು, "ಮೇಡಂ, ನಾ ಸೈಕಾಲಜಿಸ್ಟ್ ಆಗಬೇಕ್ರಿ."

ಅಪ್ಪನ ಮಾತು ಬೇರೆ. "ಬಿ.ಎಡ್ ಮಾಡು ಅಂದ್ರ ಕೇಳವಲ್ಲಳ್ರಿ. ಇಕಿ ಗೆಳತಿ ಎಂಎಸ್‌ಡಬ್ಲ್ಯೂ ಅಂತಾಳ. ಸಮಾಜ ಸೇವಾ ಮಾಡಾಕ ಡಿಗ್ರಿ ಯಾಕ ಬೇಕ್ರಿ? ಊರಾಗ ಗಣಪತಿ ಕೂಡಸೋ ಹುಡುಗ್ರೂ ಮಾಡ್ತಾರ."

ಎಂಎಸ್‌ಡಬ್ಲ್ಯೂ ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ. ಹುಡುಗಿಯ ಕೈಯಲ್ಲಿ ಒಂದು ಬಣ್ಣದ ಹಾಳೆ ಇತ್ತು. ಆರು ತಿಂಗಳ ಆನ್‌ಲೈನ್ ಡಿಪ್ಲೊಮಾ, ಮುಗಿಸಿದರೆ ನಿಮ್ಮದೇ ಕೌನ್ಸೆಲಿಂಗ್ ಸೆಂಟರ್ ತೆರೆಯಬಹುದು ಅಂತ ಅದರಲ್ಲಿ ಬರೆದಿತ್ತು. ಮೊದಲ ಕಂತು ಶನಿವಾರದೊಳಗೆ ಕಟ್ಟಬೇಕು. ದುಡ್ಡು ಅಮ್ಮನ ಸಂಘದಿಂದ ತರುವ ಲೆಕ್ಕ ಆಗಿತ್ತು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಕೇಳೋದಕ್ಕಿಂತ ಮೊದಲೇ ಹೇಳೋಕೆ ಶುರು ಮಾಡಿದೆ. ಬಿಳಿ ಹಾಳೆ ತೆಗೆದು ಏಣಿ ಬರೆದೆ. ಮನೋವೈದ್ಯರು ಅಂದರೆ ಎಂಬಿಬಿಎಸ್ ಮುಗಿಸಿ ಆಮೇಲೆ ಮನೋವೈದ್ಯಶಾಸ್ತ್ರ ಓದಿದ ಡಾಕ್ಟರು, ಔಷಧಿ ಬರೆಯೋದು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್ ಔಷಧಿ ಬರೆಯುವುದಿಲ್ಲ, ಪರೀಕ್ಷೆ ಮತ್ತು ಮಾತಿನ ಚಿಕಿತ್ಸೆ ಅವರ ಕೆಲಸ. ಇಲ್ಲಿಯವರೆಗೆ ಹೆಚ್ಚಿನವರು ಬಂದ ದಾರಿ ಅಂದರೆ ಸೈಕಾಲಜಿಯಲ್ಲಿ ಸ್ನಾತಕೋತ್ತರ ಪದವಿ, ಅದರ ಮೇಲೆ ಆಸ್ಪತ್ರೆಯಲ್ಲೇ ಕಲಿಯುವ ಎರಡು ವರ್ಷದ ಎಂ.ಫಿಲ್, ಆಮೇಲೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ. 1992ರ ಕಾಯ್ದೆಯಡಿ ನಡೆಯುವ ಪರಿಷತ್ತು ಇದು. ಆನ್‌ಲೈನ್ ಡಿಪ್ಲೊಮಾದಿಂದ ಆ ನೋಂದಣಿ ಸಿಗುವುದಿಲ್ಲ.

ಇನ್ನೊಂದು ತೊಡಕು. ಸೈಕಾಲಜಿ ಸ್ನಾತಕೋತ್ತರಕ್ಕೆ ಹೆಚ್ಚಿನ ವಿಶ್ವವಿದ್ಯಾಲಯಗಳು ಪದವಿಯಲ್ಲಿ ಆ ವಿಷಯ ಓದಿರಬೇಕು ಅಂತ ಕೇಳುತ್ತವೆ. ಈಕೆ ಓದಿರಲಿಲ್ಲ. ಮೊದಲಾಗಿದ್ದರೆ ದೂರಶಿಕ್ಷಣದಲ್ಲಿ ಎಂ.ಎ. ಸೈಕಾಲಜಿ ಮಾಡು ಅನ್ನಬಹುದಿತ್ತು. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಅದನ್ನು ನಿಲ್ಲಿಸಿತು. ಆರೋಗ್ಯ ವೃತ್ತಿಗಳಿಗಾಗಿ 2021ರಲ್ಲಿ ಬಂದ ಕಾಯ್ದೆಯ ವ್ಯಾಪ್ತಿಗೆ ಸೈಕಾಲಜಿಯೂ ಸೇರಿದೆ, ಹಾಗಾಗಿ ಅದನ್ನು ದೂರದಿಂದ ಕಲಿಸುವಂತಿಲ್ಲ. ಮನುಷ್ಯರ ಎದುರು ಕೂರುವ ಕೆಲಸವನ್ನು ಮನುಷ್ಯರ ಎದುರೇ ಕಲಿಯಬೇಕು, ನಿರ್ಧಾರ ಸರಿಯಾಗೇ ಇದೆ. ಆದರೆ ಹಳ್ಳಿಯ ಹೆಣ್ಣುಮಕ್ಕಳಿಗೆ ಒಂದು ಬಾಗಿಲು ಮುಚ್ಚಿತು ಅನ್ನೋದೂ ಅಷ್ಟೇ ನಿಜ. ಅದು ನನಗೆ ನೋವಿನ ವಿಷಯ.

ಆಕೆ ಎಲ್ಲಾ ಬರೆದುಕೊಂಡಳು. ಕೊನೆಗೆ ಪೆನ್ನಿನ ಕ್ಯಾಪ್ ಹಾಕಿ ಕಿಟಕಿ ಕಡೆ ನೋಡುತ್ತಾ ಕೂತಳು. ಅಪ್ಪ, "ಹಂಗಾರ ಬಿ.ಎಡ್ ಆತಲ್ಲ" ಅಂದರು. ಅವರು ಹೋದ ಮೇಲೆ ನನಗೆ ಅರಿವಾಯಿತು, ಒಂದು ಗಂಟೆ ಮಾತಾಡಿದರೂ ಈ ಹುಡುಗಿಗೆ ಇದೇ ಯಾಕೆ ಬೇಕು ಅಂತ ನಾನು ಕೇಳೇ ಇಲ್ಲ. ಸಂಜೆ ಫೋನ್ ಮಾಡಿ ಎರಡೇ ಮಾತು ಹೇಳಿದೆ. ಶನಿವಾರ ದುಡ್ಡು ಕಟ್ಟಬೇಡ. ಮುಂದಿನ ವಾರ ಒಬ್ಬಳೇ ಬಾ.

ಎರಡನೇ ಭೇಟಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ. "ಈ ಕೆಲಸ ಯಾರು ಮಾಡೋದನ್ನ ನೀನು ಕಣ್ಣಾರೆ ನೋಡಿದ್ದಿ?"

ಆಗ ಕಾಕಾನ ವಿಷಯ ಬಂತು. ಅಪ್ಪನ ತಮ್ಮ. ಈಕೆ ಸಣ್ಣವಳಿದ್ದಾಗ, ಯಾರೋ ಕರೀತಾರೆ ಅಂತ ರಾತ್ರಿ ಎದ್ದು ಹೊಲದ ಕಡೆ ಹೋಗುತ್ತಿದ್ದರಂತೆ. ದೇವರು, ಅಂತ್ರ, ತಾಯತ ಎಲ್ಲಾ ಆಯಿತು. ಆಮೇಲೆ ದೊಡ್ಡ ಆಸ್ಪತ್ರೆ. ಸ್ಕಿಜೋಫ್ರೀನಿಯಾ ಅಂದರು, ಗುಳಿಗೆ ಕೊಟ್ಟರು. ಕಡಿಮೆ ಆಯಿತಲ್ಲ ಅಂತ ಮನೆಯವರು ಗುಳಿಗೆ ನಿಲ್ಲಿಸಿದರು, ಮತ್ತೆ ಜಾಸ್ತಿ ಆಯಿತು. ಹೀಗೆ ಎರಡು ಸಲ. ಎರಡನೇ ಸಲ ಅಜ್ಜಿಯ ಜೊತೆ ಈಕೆಯೂ ಆಸ್ಪತ್ರೆಗೆ ಹೋಗಿದ್ದಳು. ಆಗ ಹನ್ನೆರಡು ವರ್ಷ.

"ಡಾಕ್ಟರ್ ಮುಖ ನೆನಪಿಲ್ರಿ. ಅಲ್ಲಿ ಒಬ್ರು ಮೇಡಂ ಇದ್ರು. ಅಜ್ಜಿ ನೆಲದ ಮ್ಯಾಲೆ ಕುಂತಿದ್ಲು, ಅವ್ರೂ ಕುರ್ಚಿ ಬಿಟ್ಟು ಆಕಿ ಬಾಜೂಕ ಕುಂತ್ರು. ಗುಳಿಗಿ ಯಾರ ಕೊಡ್ತೀರಿ, ಇವ್ರು ಯಾರ ಜೋಡಿ ಕುಂತು ಉಣ್ತಾರ, ಹಗಲೆಲ್ಲಾ ಏನ್ ಮಾಡ್ತಾರ ಅಂತ ಕೇಳಿದ್ರು. ಗಿರಣಿ ಐತ್ರಿ ಅಂದ್ಲು ಅಜ್ಜಿ. ಹಂಗಾರ ತೂಕ ಮಾಡೋ ಕೆಲಸ ಇವ್ರಿಗೆ ಕೊಡ್ರಿ ಅಂದ್ರು."

ಇವತ್ತಿಗೂ ಆ ಗಿರಣಿಯಲ್ಲಿ ತಕ್ಕಡಿ ಹತ್ತಿರ ಕೂರೋದು ಕಾಕಾನೇ. ಅದೇ ಮೇಡಂ ಆಮೇಲೆ ಅಂಗವೈಕಲ್ಯ ಪ್ರಮಾಣಪತ್ರದ ಕಾಗದ ಹೇಗೆ ಮಾಡಿಸಬೇಕು, ಮಾಸಾಶನಕ್ಕೆ ಎಲ್ಲಿ ಅರ್ಜಿ ಕೊಡಬೇಕು ಅಂತಲೂ ತಿಳಿಸಿದ್ದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ ಅನ್ನೋದು ಎಷ್ಟೋ ಮನೆಗಳಿಗೆ ಗೊತ್ತೇ ಇರುವುದಿಲ್ಲ.

ಆ ಮೇಡಂ ಸೈಕಾಲಜಿಸ್ಟ್ ಅಂತ ಇಷ್ಟು ವರ್ಷ ಹುಡುಗಿ ತಿಳಿದಿದ್ದಳು. ಆಕೆ ವಿವರಿಸಿದ್ದು ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆಯ ಕೆಲಸ. ರೋಗಿಯ ತಲೆಯೊಳಗಿನದ್ದರ ಜೊತೆಗೆ ಆತನ ಮನೆ, ಊಟ, ದುಡಿಮೆ, ಓಣಿ, ಕಚೇರಿ ಕಾಗದ ಎಲ್ಲವನ್ನೂ ಹಿಡಿದು ಮಾಡುವ ಕೆಲಸ. ನಾನು ಹಾಗಂದಾಗ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹಂಗಾರ ನಾ ಹುಡುಕಿದ್ದು ಬ್ಯಾರೇ ಹೆಸರಿನಾಗ ಐತಿ" ಅಂದಳು.

ಏಣಿಯನ್ನು ಹೊಸದಾಗಿ ಬರೆದೆವು. ಈ ಸಲ ಬರೆದದ್ದು ಆಕೆ. ಎಂಎಸ್‌ಡಬ್ಲ್ಯೂಗೆ ಬಹುತೇಕ ಕಡೆ ಯಾವ ಪದವಿ ಆದವರೂ ಅರ್ಜಿ ಹಾಕಬಹುದು, ಬಿಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಪದವಿ ಓದಿದವರಿಗೆ ಕೆಲವು ಕಡೆ ಆದ್ಯತೆ ಇರುತ್ತದೆ ಅಷ್ಟೇ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಯಾರು ಅಂತ ಸ್ಪಷ್ಟವಾಗಿ ಹೇಳುತ್ತದೆ: ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ, ಅದರ ಮೇಲೆ ಮೇಲ್ವಿಚಾರಣೆಯಲ್ಲಿ ಕಲಿಯುವ ಎರಡು ವರ್ಷದ ಎಂ.ಫಿಲ್. ಅಂದರೆ ಸೈಕಾಲಜಿ ಓದದ ಬಿ.ಎ. ಹುಡುಗಿಗೂ ಮಾನಸಿಕ ಆರೋಗ್ಯದ ಕೆಲಸಕ್ಕೆ ನೇರ ದಾರಿ ಇದೆ. ಒಂದು ಎಚ್ಚರ ಮಾತ್ರ ಹೇಳಿದೆ. ರಾಷ್ಟ್ರೀಯ ಶಿಕ್ಷಣ ನೀತಿ ಬಂದ ಮೇಲೆ ಎಂ.ಫಿಲ್ ಪದವಿಯೇ ನಿಲ್ಲುತ್ತಾ ಬಂದಿದೆ. ಕ್ಲಿನಿಕಲ್ ಸೈಕಾಲಜಿ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕ್ಕೆ ಮಾತ್ರ ಯುಜಿಸಿ 2025-26ರವರೆಗೆ ವಿನಾಯಿತಿ ಕೊಟ್ಟಿತ್ತು. ಈಕೆ ಓದು ಮುಗಿಸುವ ಹೊತ್ತಿಗೆ ಅದರ ಹೆಸರು, ರೂಪ ಬದಲಾಗಿರಬಹುದು. ಹಾಗಾಗಿ ಆ ವರ್ಷ ನಿಮ್ಹಾನ್ಸ್‌ನಂಥ ಸಂಸ್ಥೆಗಳು ಹೊರಡಿಸುವ ಪ್ರವೇಶ ಪ್ರಕಟಣೆಯನ್ನೇ ಓದಬೇಕು, ಸೀನಿಯರ್‌ಗಳ ಮಾತು ಕೇಳಿ ಕೂರಬಾರದು.

ಮುಖ್ಯವಾದ ಮಾತು ಬಂದದ್ದು ಆಕೆ ಎದ್ದು ಹೊರಟಾಗ. ಚಪ್ಪಲಿ ಹಾಕಿಕೊಳ್ಳುತ್ತಾ ಕೇಳಿದಳು, "ಧಾರವಾಡಕ್ಕ ಹೋದ್ರ ಕಾಕಾಗ ಗುಳಿಗಿ ಯಾರ ಕೊಡ್ತಾರ?"

ಪುನಃ ಕೂರಿಸಿದೆ. ಅಜ್ಜಿ ತೀರಿಕೊಂಡ ಮೇಲೆ, ಹದಿನಾರನೇ ವಯಸ್ಸಿನಿಂದ, ರಾತ್ರಿಯ ಗುಳಿಗೆ ಕೊಡೋದು ಈಕೆ. ಹಾಳೆಯಲ್ಲಿ ಎಷ್ಟು ಉಳಿದಿದೆ ಅಂತ ಎಣಿಸೋದು, ಮುಗಿಯೋದರೊಳಗೆ ತರಿಸೋದು ಈಕೆ. ನೆಂಟರ ಮದುವೆಗೆ ಹೋದರೂ ರಾತ್ರಿ ಉಳಿದಿಲ್ಲ. ಒಂದು ಸಲ ಪರೀಕ್ಷೆಯ ಗಡಿಬಿಡಿಯಲ್ಲಿ ಎರಡು ದಿನ ಮರೆತಳು, ಮೂರನೇ ದಿನ ಕಾಕಾ ಊಟ ಬಿಟ್ಟು ಕೂತರು. ಅವತ್ತಿನಿಂದ ಈಕೆಗೆ ತಾನೇ ಅವರಿಗೆ ಕಾಯಿಲೆ ತಂದೆ ಅನ್ನೋ ಭಾವನೆ. ಸೈಕಾಲಜಿ ಓದಿ ತಾನೇ ಅವರನ್ನು ಪೂರ್ತಿ ವಾಸಿ ಮಾಡಬೇಕು ಅನ್ನೋದು ಹಟವಾಗಿ ಬೆಳೆದಿತ್ತು.

ಇದನ್ನು ಬಿಟ್ಟು ಕೋರ್ಸ್ ಬಗ್ಗೆ ಮಾತ್ರ ಸಲಹೆ ಕೊಟ್ಟಿದ್ದರೆ ನಾನು ಆಕೆಗೆ ಅನ್ಯಾಯ ಮಾಡುತ್ತಿದ್ದೆ. ಈ ಓದಿಗೆ ಬರುವ ಮಕ್ಕಳಲ್ಲಿ ಎಷ್ಟೋ ಜನ ಮನೆಯ ನೋವನ್ನು ಹೊತ್ತುಕೊಂಡೇ ಬರುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಆ ಹೊರೆ ಯಾವುದು ಅಂತ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಎದುರಿಗೆ ಬಂದ ಪ್ರತಿ ರೋಗಿಯಲ್ಲೂ ಕಾಕಾನೇ ಕಾಣುತ್ತಾರೆ, ಯಾರೋ ಗುಳಿಗೆ ಬಿಟ್ಟರೂ ತನ್ನ ತಪ್ಪು ಅನ್ನಿಸುತ್ತದೆ. ನಾನು ಆಕೆಗೆ ನೇರವಾಗಿ ಹೇಳಿದೆ: "ನೀನು ಎಷ್ಟೇ ಓದಿದರೂ ಕಾಕಾಗೆ ಚಿಕಿತ್ಸೆ ಕೊಡೋಳು ಆಗಬಾರದು. ನೀನು ಅವರಿಗೆ ಅಣ್ಣನ ಮಗಳು. ಆ ಜಾಗಕ್ಕೆ ಬೇರೆ ಯಾರೂ ಇಲ್ಲ. ಚಿಕಿತ್ಸೆಗೆ ಬೇರೆಯವರು ಸಿಗುತ್ತಾರೆ." ಆಕೆ ಅತ್ತಳು. ನಾನು ತಡೆಯಲಿಲ್ಲ.

ಎರಡು ಕೆಲಸ ಕೊಟ್ಟೆ. ಮೊದಲನೆಯದು, ಗುಳಿಗೆ ಡಬ್ಬಿಯನ್ನು ಹದಿನೈದು ದಿನದಲ್ಲಿ ಅಪ್ಪನ ಕೈಗೆ ಕೊಡಬೇಕು. ಗುಟ್ಟಾಗಿ ಅಲ್ಲ, ಕಾಕಾನ ಎದುರಿಗೇ, ಅವರನ್ನೂ ಕೇಳಿ. ಎರಡನೆಯದು, ತಾಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ, ಮಾನಸಿಕ ಚಿಕಿತ್ಸೆಯ ಮನೋಚೈತನ್ಯ ಕ್ಲಿನಿಕ್‌ಗೆ, ಅಲ್ಲಿನವರನ್ನು ಕೇಳಿಕೊಂಡು, ಎರಡು ವಾರ ಹೋಗಿ ಬೆಂಚಿನ ಮೇಲೆ ಕೂರಬೇಕು. ಯಾರ ಕಾಯಿಲೆಯನ್ನೂ ಕೇಳಬಾರದು, ಸಲಹೆ ಕೊಡಬಾರದು. ಸುಮ್ನೆ ನೋಡಬೇಕು.

ಮೂರನೇ ಭೇಟಿಗೆ ಆಕೆ ಬರೆದುಕೊಂಡು ಬಂದ ಒಂದೂವರೆ ಪುಟ ನನ್ನ ಹತ್ತಿರ ಇದೆ. ಮಗನಿಗಾಗಿ ಒಬ್ಬ ಮುದುಕಿ ಬಂದಿದ್ದಳಂತೆ. ಮಗ ಒಳಗೆ ಬರಲು ಒಲ್ಲೆ ಅಂತ ಗೇಟಿನ ಹೊರಗೆ ನಿಂತಿದ್ದ. ಮುದುಕಿ ಸರದಿಯಲ್ಲಿ ಕೂತು ಮತ್ತೆ ಮತ್ತೆ ಗೋಡೆ ಗಡಿಯಾರ ನೋಡುತ್ತಿದ್ದಳು. ಮುಂದೆ ಇನ್ನು ಮೂವರೇ ಇದ್ದಾಗ ಎದ್ದು ಹೊರಟುಬಿಟ್ಟಳು. ಹುಡುಗಿ ಬರೆದಿದ್ದಳು: "ಆಕೆಯ ಊರಿನ ಬಸ್ಸು ನಾಲ್ಕೂವರೆಗೆ. ಅದು ತಪ್ಪಿದರೆ ಮುಂದಿನದು ಏಳಕ್ಕೆ. ಚೀಟಿ ಬರೆಯುವಾಗ ಹೆಸರು ಕೇಳಿದರು, ವಯಸ್ಸು ಕೇಳಿದರು. ಬಸ್ಸು ಎಷ್ಟೊತ್ತಿಗೆ ಅಂತ ಯಾರೂ ಕೇಳಲಿಲ್ಲ."

ಇಷ್ಟು ಓದಿ ನನಗೆ ನಂಬಿಕೆ ಬಂತು. ಅದೇ ಕ್ಲಿನಿಕ್‌ನಲ್ಲಿ ಕೂತು, ಒಳಗೆ ಡಾಕ್ಟರು ರೋಗಿಯ ಹತ್ತಿರ ಏನು ಮಾತಾಡುತ್ತಿರಬಹುದು, ಆ ಮನಸ್ಸಿನಲ್ಲಿ ಏನು ನಡೆಯುತ್ತಿದೆ ಅಂತಲೇ ಯೋಚಿಸುತ್ತಾ ಬಂದಿದ್ದರೆ, ಒಂದು ವರ್ಷ ತಡವಾದರೂ ಸರಿ, ಸೈಕಾಲಜಿಯ ದಾರಿ ಹುಡುಕು ಅನ್ನುತ್ತಿದ್ದೆ. ಆ ಕೆಲಸಕ್ಕೆ ಆ ಕುತೂಹಲ ಬೇಕು. ಈಕೆಯ ಕಣ್ಣು ಗಡಿಯಾರದ ಮೇಲೆ, ಗೇಟಿನ ಹೊರಗೆ ನಿಂತವನ ಮೇಲೆ ಹೋಗಿತ್ತು.

ಅವತ್ತು ಅಪ್ಪನೂ ಬಂದಿದ್ದರು. ಡಿಗ್ರಿ ಯಾಕೆ ಬೇಕು ಅನ್ನೋ ಅವರ ಪ್ರಶ್ನೆಗೆ ಉತ್ತರ ಬಾಕಿ ಇತ್ತು. ಸೇವೆ ಬೇರೆ, ಸಮಾಜಕಾರ್ಯ ಬೇರೆ ಅಂದೆ. ಮುಂಬೈಯಲ್ಲಿ ಇದಕ್ಕಾಗಿಯೇ ಟಾಟಾ ಸಂಸ್ಥೆ ಶುರುವಾಗಿದ್ದು 1936ರಲ್ಲಿ, ಮಂಗಳೂರಿನ ಸಮಾಜಕಾರ್ಯ ಕಾಲೇಜು ರೋಶನಿ ನಿಲಯ 1960ರಲ್ಲಿ. ತರಗತಿಯ ಜೊತೆ ವಾರದಲ್ಲಿ ಕೆಲವು ದಿನ ಕ್ಷೇತ್ರಕಾರ್ಯ, ಹಳ್ಳಿ ಶಿಬಿರ, ಮಾಡಿದ್ದನ್ನೆಲ್ಲ ಬರೆದು ಗುರುಗಳಿಗೆ ಒಪ್ಪಿಸೋದು, ಬೈಸಿಕೊಳ್ಳೋದು ಎಲ್ಲಾ ಇರುತ್ತದೆ. ಆಮೇಲೆ ಅವರಿಗೆ ಅರ್ಥವಾಗುವ ಮಾತು ಹೇಳಿದೆ: "ನಿಮ್ಮ ತಮ್ಮನ್ನ ತಕ್ಕಡಿ ಹತ್ರ ಕೂರಿಸಿ ಅಂದವರು ಇದನ್ನೇ ಓದಿದವರು ಇರಬೇಕು."

ಅವರು ತಲೆ ಬಗ್ಗಿಸಿ ಹೇಳಿದರು, "ಅದಾ ಖರೇನರಿ."

ಕೆಲಸದ ಬಗ್ಗೆ ಮುಚ್ಚಿಡಲಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ, ಮಕ್ಕಳ ರಕ್ಷಣಾ ಘಟಕ, ದೌರ್ಜನ್ಯಕ್ಕೊಳಗಾದ ಹೆಣ್ಣುಮಕ್ಕಳಿಗೆ ನೆರವಾಗುವ ಸಖಿ ಕೇಂದ್ರ, ಆಸ್ಪತ್ರೆಗಳು, ಸ್ವಯಂಸೇವಾ ಸಂಸ್ಥೆಗಳು, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ವಿಭಾಗ, ಇಲ್ಲೆಲ್ಲಾ ಸಮಾಜಕಾರ್ಯ ಓದಿದವರು ಬೇಕು. ಆದರೆ ಸರ್ಕಾರಿ ಯೋಜನೆಗಳಲ್ಲಿ ಬಹಳಷ್ಟು ಗುತ್ತಿಗೆ ಹುದ್ದೆಗಳೇ. ಮೊದಲ ವರ್ಷಗಳಲ್ಲಿ ಸಂಬಳ ಕಡಿಮೆ, ಓಡಾಟ ಜಾಸ್ತಿ. ಎಚ್‌ಆರ್, ಅಂದರೆ ಸಿಬ್ಬಂದಿ ನಿರ್ವಹಣೆಯನ್ನು ವಿಶೇಷ ವಿಷಯವಾಗಿ ತೆಗೆದುಕೊಂಡರೆ ಕಾರ್ಖಾನೆ ಕಡೆ ಕೆಲಸ ಬೇಗ ಸಿಗಬಹುದು. ಅಪ್ಪನ ಕಣ್ಣು ಅಲ್ಲೇ ನಿಂತಿತು. ಮಗಳು ಏನೂ ಹೇಳಲಿಲ್ಲ. ಎರಡನೇ ವರ್ಷದವರೆಗೆ ಅದನ್ನು ತೀರ್ಮಾನ ಮಾಡಬೇಡಿ ಅಂದೆ.

ಬಳ್ಳಾರಿಯ ವಿಷಯವನ್ನೂ ಹೇಳಿದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಆ ಜಿಲ್ಲೆಯಲ್ಲಿ ಮಾನಸಿಕ ಚಿಕಿತ್ಸೆಯನ್ನು ದೊಡ್ಡ ಆಸ್ಪತ್ರೆಯಿಂದ ಹೊರಗೆ, ಹಳ್ಳಿಯ ಆರೋಗ್ಯ ಕೇಂದ್ರದವರೆಗೆ ಒಯ್ದು ನೋಡಿದರು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಕಾರ್ಯಕ್ರಮಕ್ಕೆ ಅದೇ ಮಾದರಿ. ನಮ್ಮ ಕಡೆಯ ಹಳ್ಳಿಗಳಲ್ಲಿ ಬೆಳೆದ ಕೆಲಸ ಇದು, ನಮ್ಮ ಮಾತು ಬಲ್ಲ ಹುಡುಗಿಯರು ಇದಕ್ಕೆ ಬೇಕು. ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಏರಿತ್ತು, ಯಾಕೆಂದರೆ ನನಗೆ ಇದು ನಿಜವಾಗಿಯೂ ಮುಖ್ಯ.

ಕೊನೆಗೆ ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಡಿಪ್ಲೊಮಾಕ್ಕೆ ದುಡ್ಡು ಬೇಡ. ಎಂಎಸ್‌ಡಬ್ಲ್ಯೂಗೆ ಕನಿಷ್ಠ ಎರಡು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕು. ಸೇರುವ ಮೊದಲು ಅಲ್ಲಿನ ಹಳೆಯ ವಿದ್ಯಾರ್ಥಿಗಳನ್ನು ಒಂದೇ ಮಾತು ಕೇಳು, ಕ್ಷೇತ್ರಕಾರ್ಯದ ವರದಿಯನ್ನು ಗುರುಗಳು ಓದುತ್ತಾರಾ, ಅಂತ. ಓದದ ಕಡೆ ಸೇರಬೇಡ. ರಾತ್ರಿ ಮನಸ್ಸು ತುಂಬಾ ಭಾರ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್ 14416ಕ್ಕೆ ಫೋನ್ ಮಾಡು, ಕನ್ನಡದಲ್ಲೇ ಮಾತಾಡಬಹುದು. ಆ ನಂಬರನ್ನು ಅಪ್ಪನೂ ಬರೆದುಕೊಂಡರು.

ಆಕೆ ಈಗ ಎಂಎಸ್‌ಡಬ್ಲ್ಯೂ ಮೊದಲ ವರ್ಷದಲ್ಲಿದ್ದಾಳೆ. ಕ್ಷೇತ್ರಕಾರ್ಯಕ್ಕೆ ಆಸ್ಪತ್ರೆ ಸಿಕ್ಕಿಲ್ಲ, ಒಂದು ಅಂಗನವಾಡಿ ಸಿಕ್ಕಿದೆ. ಬೇಸರದಿಂದ ಫೋನ್ ಮಾಡಿದ್ದಳು. ಬದಲಿಸಿಕೊಳ್ಳಲು ಕೇಳಬೇಡ, ತೂಕ ಹಾಕಿಸಲು ಬರುವ ತಾಯಂದಿರ ಹತ್ತಿರ ಕೂತು ನೋಡು ಅಂದೆ. ಗುಳಿಗೆ ಡಬ್ಬಿ ಗಿರಣಿಯಲ್ಲಿ ಅಪ್ಪನ ಲೆಕ್ಕದ ಪುಸ್ತಕದ ಪಕ್ಕ ಇದೆ. ರಾತ್ರಿ ಅಂಗಡಿ ಮುಚ್ಚುವಾಗ ಕಾಕಾ ತಾವೇ ಕೇಳಿ ತೆಗೆದುಕೊಳ್ಳುತ್ತಾರಂತೆ. ಆಕೆ ಮೊದಲ ತಿಂಗಳು ದಿನಾ ಫೋನ್ ಮಾಡಿ "ಕೊಟ್ರೇನು?" ಅಂತ ಕೇಳುತ್ತಿದ್ದಳು. ಈಗ ವಾರಕ್ಕೊಮ್ಮೆ ಕೇಳುತ್ತಾಳೆ.