ಬಿದ್ದ ಟೆಲಿಸ್ಕೋಪ್ ರಿಪೇರಿ ಆಗುತ್ತಾ? ಇನ್ಶೂರೆನ್ಸ್ ದುಡ್ಡು ಬರುತ್ತಾ?

ನಿಮ್ಮ ಎಂಟು ಇಂಚಿನ ನ್ಯೂಟೋನಿಯನ್ ಟೆಲಿಸ್ಕೋಪ್ (ಟ್ಯೂಬಿನ ಬುಡದಲ್ಲಿ ದೊಡ್ಡ ಕನ್ನಡಿ, ಬಾಯಿಯ ಹತ್ತಿರ ಚಿಕ್ಕ ಕನ್ನಡಿ ಇರುವಂಥದ್ದು) ಸ್ಟ್ಯಾಂಡ್ ಸಮೇತ ಮಗುಚಿ ಬಿದ್ದಿದೆ. ದೊಡ್ಡ ಕನ್ನಡಿಯ ಅಂಚಿನಲ್ಲಿ ಕಿರುಬೆರಳ ಉಗುರಿನಷ್ಟು ಚೂರು ಎದ್ದುಹೋಗಿದೆ. ನಕ್ಷತ್ರ ನೋಡಿದರೆ ಬಾಲ ಬಂದ ಹಾಗೆ ಕಾಣುತ್ತಿದೆ. ಕನ್ನಡಿ ಬಿಸಾಡಬೇಕಾ, ಮನೆಯ ಇನ್ಶೂರೆನ್ಸಿನಿಂದ ದುಡ್ಡು ಬರುತ್ತಾ, ಮುಂದಕ್ಕೆ ಟೆಲಿಸ್ಕೋಪಿಗೇ ಬೇರೆ ಪಾಲಿಸಿ ಮಾಡಿಸಬೇಕಾ ಅಂತ ಕೇಳಿದ್ದೀರಿ.

ಕನ್ನಡಿ ಬಿಸಾಡಬೇಡಿ. ಅದು ಕೆಲಸಕ್ಕೆ ಬರುವ ಸಾಧ್ಯತೆಯೇ ಜಾಸ್ತಿ. ಆದರೆ ಅದಕ್ಕೂ ಮೊದಲಿನ ಮಾತು: ಈಗಲೇ ಸ್ಕ್ರೂಡ್ರೈವರ್ ಹಿಡಿದು ಕೂರಬೇಡಿ. ರಿಪೇರಿ ಮಾಡುವವರಿಗೂ ಇನ್ಶೂರೆನ್ಸಿನವರಿಗೂ ನಿಮ್ಮಿಂದ ಬೇಕಾಗಿರುವುದು ಒಂದೇ. ಬಿದ್ದ ಮೇಲೆ ಟೆಲಿಸ್ಕೋಪ್ ಯಾವ ಸ್ಥಿತಿಯಲ್ಲಿತ್ತು ಅನ್ನುವುದಕ್ಕೆ ಸಾಕ್ಷಿ. ಒಂದು ಸ್ಕ್ರೂ ತಿರುಗಿಸಿದರೂ ಆ ಸಾಕ್ಷಿ ಸ್ವಲ್ಪ ಅಳಿಸಿಹೋಗುತ್ತದೆ.

ಇದು ನನ್ನ ಸ್ವಂತ ಅನುಭವ. ಒಂದು ರಾತ್ರಿ ನೋಡುವುದೆಲ್ಲ ಮುಗಿಸಿ, ಕತ್ತಲೆಯಲ್ಲೇ ಸಾಮಾನು ಕಟ್ಟುತ್ತಿದ್ದೆ. ಈಕ್ವಟೋರಿಯಲ್ ಮೌಂಟ್ ಅಂದರೆ ಟ್ಯೂಬನ್ನು ಹಿಡಿದು, ನಕ್ಷತ್ರದ ಹಿಂದೆ ತಿರುಗಿಸುವ ಭಾಗ. ಅದರಲ್ಲಿ ಟ್ಯೂಬನ್ನು ಮೊದಲು ಇಳಿಸಿ, ಆಮೇಲೆ ತೂಕದ ಗುಂಡು ಬಿಚ್ಚಬೇಕು. ನಿದ್ದೆಗಣ್ಣಿನಲ್ಲಿ ಗುಂಡನ್ನು ಮೊದಲು ಬಿಚ್ಚಿದೆ. ಎದುರು ತೂಕ ಇಲ್ಲದೆ ಟ್ಯೂಬ್ ಗಿರಕ್ಕನೆ ತಿರುಗಿ, ಅದರ ಬಾಯಿ ಸ್ಟ್ಯಾಂಡಿನ ಕಾಲಿಗೆ ಬಡಿಯಿತು. ಚಿಕ್ಕ ಕನ್ನಡಿಯನ್ನು ಹಿಡಿದಿರುವ ತೆಳು ಪಟ್ಟಿಗಳಲ್ಲಿ ಒಂದು ಬಾಗಿತು, ಕನ್ನಡಿ ಅಂಟು ಬಿಟ್ಟು ಟ್ಯೂಬಿನೊಳಗೆ ಬಿತ್ತು. ಆ ಸದ್ದು ಈಗಲೂ ನೆನಪಿದೆ. ಮನಸ್ಸು ತಡೆಯಲಿಲ್ಲ. ಬೆಳಗಾಗುವಷ್ಟರಲ್ಲಿ ಪಟ್ಟಿ ನೆಟ್ಟಗೆ ಮಾಡಿದೆ, ಕನ್ನಡಿ ಅಂಟಿಸಿದೆ, ಮುರಿದ ಹೋಲ್ಡರ್ ಕಸಕ್ಕೆ ಹಾಕಿದೆ. ನಾಲ್ಕು ದಿನ ಬಿಟ್ಟು ಇನ್ಶೂರೆನ್ಸಿನ ಕಡೆಯಿಂದ ಹಾನಿ ಅಳೆಯುವ ಸರ್ವೇಯರ್ ಬಂದರು. ತಿರುಗಿಸಿ ಮುರುಗಿಸಿ ನೋಡಿ, "ಹಾನಿ ಎಲ್ಲಿದೆ ತೋರಿಸಿ" ಅಂದರು. ತೋರಿಸೋಕೆ ಒಂದು ಫೋಟೋ ಕೂಡ ಇರಲಿಲ್ಲ. ಕ್ಲೇಮ್ ಬರಲಿಲ್ಲ. ಅವರ ತಪ್ಪೇನೂ ಇರಲಿಲ್ಲ.

ಹಾಗಾಗಿ ನೀವು ಹೀಗೆ ಮಾಡಿ. ಬಿದ್ದ ಜಾಗ, ಸ್ಟ್ಯಾಂಡು, ಟ್ಯೂಬಿನ ಪ್ರತಿ ತಗ್ಗು, ಕನ್ನಡಿಯ ಅಂಚು, ಸೀರಿಯಲ್ ನಂಬರ್, ಎಲ್ಲದರ ಫೋಟೋ ತೆಗೆಯಿರಿ. ತಗ್ಗಿನ ಪಕ್ಕ ಒಂದು ಸ್ಕೇಲ್ ಇಟ್ಟು ತೆಗೆದರೆ ಅಳತೆಯೂ ಸಿಗುತ್ತದೆ. ಎದ್ದುಹೋದ ಚೂರು ಸಿಕ್ಕಿದರೆ ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಕಿ ಇಡಿ. ಇನ್ಶೂರೆನ್ಸಿನವರಿಗೆ ಇವತ್ತೇ ತಿಳಿಸಿ. "ನೋಡೋಣ, ಮೊದಲು ಎಷ್ಟು ಹಾಳಾಗಿದೆ ಗೊತ್ತಾಗಲಿ" ಅಂತ ಎರಡು ವಾರ ಬಿಟ್ಟರೆ, ತಡವಾಯಿತು ಅನ್ನುವುದೇ ಕ್ಲೇಮಿಗೆ ಅಡ್ಡಿಯಾಗಬಹುದು.

ಈಗ ಕನ್ನಡಿಯ ವಿಷಯ. ಸ್ವಲ್ಪ ಲೆಕ್ಕ ಹಾಕೋಣ. ಎಂಟು ಇಂಚು ಅಂದರೆ ಸುಮಾರು 200 ಮಿಲಿಮೀಟರ್ ಅಗಲ. ಅದರ ವಿಸ್ತೀರ್ಣ ಸುಮಾರು 31,400 ಚದರ ಮಿಲಿಮೀಟರ್. ನಿಮ್ಮ ಚೂರು ಹೆಚ್ಚೆಂದರೆ 100 ಚದರ ಮಿಲಿಮೀಟರ್ ಇರಬಹುದು. ಶೇಕಡಾ 0.5ರಷ್ಟು ಬೆಳಕೂ ಹೋಗಿಲ್ಲ. ಟ್ಯೂಬಿನ ಬಾಯಲ್ಲಿ ಕೂತಿರುವ ಚಿಕ್ಕ ಕನ್ನಡಿ 50 ಮಿಲಿಮೀಟರಿನದು ಅಂದುಕೊಂಡರೆ, ಅದೊಂದೇ ನೂರಕ್ಕೆ ಆರು ಪಾಲು ಬೆಳಕನ್ನು ತಡೆಯುತ್ತಿದೆ. ಅದು ಹೊಸದರಲ್ಲೂ ಹಾಗೇ ಇತ್ತು, ನೀವು ಗಮನಿಸಿರಲೇ ಇಲ್ಲ, ಅಲ್ವಾ?

ನಂಬಿಕೆ ಬರದಿದ್ದರೆ ಟೆಕ್ಸಾಸಿನ ಮ್ಯಾಕ್‌ಡೊನಾಲ್ಡ್ ವೀಕ್ಷಣಾಲಯದ ಕಥೆ ಕೇಳಿ. ಅಲ್ಲಿ 107 ಇಂಚಿನ ದೊಡ್ಡ ಟೆಲಿಸ್ಕೋಪ್ ಇದೆ. 1970ರ ಫೆಬ್ರವರಿಯಲ್ಲಿ ಅಲ್ಲಿನ ಒಬ್ಬ ನೌಕರ ಮಾನಸಿಕ ಸ್ಥಿಮಿತ ಕಳೆದುಕೊಂಡು ಅದರ ಮುಖ್ಯ ಕನ್ನಡಿಗೆ ಪಿಸ್ತೂಲಿನಿಂದ ಏಳು ಗುಂಡು ಹೊಡೆದ. ಕನ್ನಡಿ ಒಡೆಯಲಿಲ್ಲ, ಗುಳಿ ಬಿದ್ದವು ಅಷ್ಟೆ. ನಷ್ಟವಾದದ್ದು ಸುಮಾರು ನೂರಕ್ಕೆ ಒಂದು ಪಾಲು ಬೆಳಕು. ಆ ಕನ್ನಡಿಯಲ್ಲಿ ಆಮೇಲೆಯೂ ದಶಕಗಟ್ಟಲೆ ಕೆಲಸ ನಡೆದಿದೆ. ಇನ್ನೊಂದು ಕಡೆ ಹಬಲ್ ಬಾಹ್ಯಾಕಾಶ ಟೆಲಿಸ್ಕೋಪ್ ನೋಡಿ. 1990ರಲ್ಲಿ ಮೇಲೆ ಹೋದಾಗ ಅದರ 2.4 ಮೀಟರ್ ಕನ್ನಡಿ ಬಹಳ ನುಣುಪಾಗಿತ್ತು. ಆದರೆ ಅಂಚಿನ ಹತ್ತಿರ ಆಕಾರ 2.2 ಮೈಕ್ರಾನ್‌ನಷ್ಟು ತಪ್ಪಿತ್ತು. ಕೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ. ಅಷ್ಟಕ್ಕೇ ಚಿತ್ರವೆಲ್ಲ ಮಸುಕಾಯಿತು, 1993ರಲ್ಲಿ ಗಗನಯಾತ್ರಿಗಳು ಹೋಗಿ ಸರಿಪಡಿಸಬೇಕಾಯಿತು. ಗಾಯಕ್ಕೆ ಕನ್ನಡಿ ಹೆದರುವುದಿಲ್ಲ, ಆಕಾರ ಕೆಟ್ಟರೆ ಮಾತ್ರ ಕೆಲಸ ಕೆಡುತ್ತದೆ.

ಅದಕ್ಕೇ ನೀವು ಹುಡುಕಬೇಕಾದದ್ದು ಬಿರುಕು. ಚೂರು ಬೇರೆ, ಬಿರುಕು ಬೇರೆ. ಕೋಣೆಯ ದೀಪ ಆರಿಸಿ, ಟಾರ್ಚನ್ನು ಅಂಚಿನಿಂದ ಓರೆಯಾಗಿ ಗಾಜಿನೊಳಗೆ ಬಿಡಿ. ಚೂರು ಎದ್ದ ಜಾಗದಿಂದ ಒಳಕ್ಕೆ ಹೊಳೆಯುವ ಗೆರೆ ಹೋಗಿದ್ದರೆ ಅದು ಬಿರುಕು. ಹಿಂಬದಿಯಿಂದಲೂ ನೋಡಿ. ಬಿರುಕು ಇದ್ದರೆ ಆ ಕನ್ನಡಿ ಬದಲಿಸಲೇಬೇಕು. ಗಾಜಿನೊಳಗಿನ ಬಿಗಿತ ಬದಲಾಗಿರುತ್ತದೆ, ಚಳಿಗೆ ಬಿಸಿಗೆ ಬಿರುಕು ಮುಂದಕ್ಕೂ ಹೋಗುತ್ತದೆ. ಬರೀ ಚೂರು ಎದ್ದಿದ್ದರೆ, ಸರ್ವೇಯರ್ ನೋಡಿ ಹೋದ ಮೇಲೆ, ಆ ಬೋಳು ಗಾಜಿಗೆ ಹೊಳಪಿಲ್ಲದ ಕಪ್ಪು ಬಣ್ಣ ಹಚ್ಚಿ. ಅಲ್ಲಿಂದ ಬೆಳಕು ಚೆದುರುವುದು ನಿಲ್ಲುತ್ತದೆ. ಉಜ್ಜಿ ನುಣುಪು ಮಾಡೋಕೆ ಹೋಗಬೇಡಿ.

ಬಟ್ಟೆಯಿಂದ ಒರೆಸಲೂಬೇಡಿ. ಚೂರು ಎದ್ದಾಗ ಕಣ್ಣಿಗೆ ಕಾಣದ ಗಾಜಿನ ಪುಡಿ ಕನ್ನಡಿ ತುಂಬ ಹರಡಿರುತ್ತದೆ. ಕನ್ನಡಿಯ ಮೇಲಿನ ಅಲ್ಯೂಮಿನಿಯಂ ಲೇಪ ಸುಮಾರು 100 ನ್ಯಾನೋಮೀಟರ್ ದಪ್ಪ, ಅಂದರೆ ಕೂದಲಿನ ಸಾವಿರದಲ್ಲಿ ಒಂದು ಪಾಲಿನ ಆಸುಪಾಸು. ಒಂದು ಸಲ ಒರೆಸಿದರೆ ಆ ಪುಡಿಯೇ ಲೇಪವನ್ನು ಗೀರಿಹಾಕುತ್ತದೆ. ತೊಳೆಯುವುದೂ ಸರ್ವೇಯರ್ ನೋಡಿ ಹೋದ ಮೇಲೆಯೇ. ಮೊದಲು ರಬ್ಬರ್ ಬ್ಲೋವರ್‌ನಿಂದ ಗಾಳಿ ಊದಿ. ಕೈಯ ಉಂಗುರ ತೆಗೆದಿಟ್ಟು, ಕನ್ನಡಿಯನ್ನು ಓರೆಯಾಗಿ ಹಿಡಿದು ನೀರು ಹರಿಯಬಿಡಿ. ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿದ ನೀರಿನಲ್ಲಿ ಹತ್ತಿ ಅದ್ದಿ, ಒತ್ತದೆ, ಹತ್ತಿಯ ಭಾರದಲ್ಲೇ ಎಳೆಯಿರಿ. ಒಂದು ಎಳೆತಕ್ಕೆ ಒಂದು ಹತ್ತಿ. ಕೊನೆಗೆ ಡಿಸ್ಟಿಲ್ಡ್ ವಾಟರ್ ಸುರಿದು ಅಂಚಿನ ಮೇಲೆ ನಿಲ್ಲಿಸಿ ಒಣಗಿಸಿ. ಲೇಪವೇ ಕಿತ್ತುಬಂದಿದ್ದರೆ ಮತ್ತೆ ಹಾಕಿಸಬಹುದು. ಅದಕ್ಕೆ ನಿರ್ವಾತ ಯಂತ್ರ ಬೇಕು, ಅದು ಇರುವ ಕಡೆಗೇ ಕಳಿಸಬೇಕು.

ನಕ್ಷತ್ರಕ್ಕೆ ಬಾಲ ಬಂದಿರುವುದಕ್ಕೂ ಚೂರಿಗೂ ಬಹುಮಟ್ಟಿಗೆ ಸಂಬಂಧ ಇಲ್ಲ. ಪೆಟ್ಟು ಬಿದ್ದು ಎರಡು ಕನ್ನಡಿಗಳು ಒಂದೇ ಗೆರೆಯಿಂದ ತಪ್ಪಿವೆ. ಅದನ್ನು ಮತ್ತೆ ಕೂರಿಸುವುದಕ್ಕೇ ಕಾಲಿಮೇಷನ್ ಅನ್ನುವುದು. ಈ ಪರೀಕ್ಷೆ ಮಾಡೋಕೆ ಸ್ಕ್ರೂ ಮುಟ್ಟಬೇಕಾಗಿಲ್ಲ, ಹಾಗಾಗಿ ಇವತ್ತು ರಾತ್ರಿಯೇ ಮಾಡಬಹುದು. ಟೆಲಿಸ್ಕೋಪನ್ನು ಒಂದು ಗಂಟೆ ಹೊರಗಿಟ್ಟು ತಣ್ಣಗಾಗಲು ಬಿಡಿ. ಧ್ರುವ ನಕ್ಷತ್ರ ಕಾಣುವ ಜಾಗವಾದರೆ ಅದನ್ನೇ ಹಿಡಿಯಿರಿ, ಅದು ಹೆಚ್ಚು ಸರಿದಾಡುವುದಿಲ್ಲ. ಸುಮಾರು 150 ಪಟ್ಟು ದೊಡ್ಡದಾಗಿ ತೋರಿಸುವ ಐಪೀಸ್ (ಕಣ್ಣಿಟ್ಟು ನೋಡುವ ಲೆನ್ಸ್) ಹಾಕಿ, ನಕ್ಷತ್ರವನ್ನು ನಟ್ಟನಡುವೆ ತಂದು, ಫೋಕಸನ್ನು ಒಂಚೂರು ಕೆಡಿಸಿ. ಚುಕ್ಕಿ ಅರಳಿ ಒಂದರೊಳಗೊಂದು ಉಂಗುರಗಳಾಗುತ್ತದೆ, ನಡುವೆ ಒಂದು ಕಪ್ಪು ಬೊಟ್ಟು. ಕಲ್ಲು ಬಿದ್ದ ನೀರಿನ ಅಲೆಗಳು ನಿಂತಲ್ಲೇ ನಿಂತ ಹಾಗೆ. ಮೊದಲ ಸಲ ನೋಡಿದಾಗ ನಾನು ಪೆಟ್ಟಾದ ವಿಷಯವನ್ನೇ ಮರೆತು ನೋಡುತ್ತಾ ನಿಂತಿದ್ದೆ.

ಬೊಟ್ಟು ಒಂದು ಪಕ್ಕಕ್ಕೆ ಸರಿದಿದ್ದರೆ ಕಾಲಿಮೇಷನ್ ತಪ್ಪಿದೆ, ಅಷ್ಟೆ. ಖುಷಿಪಡಿ. ಉಂಗುರಗಳು ಮೂರು ಮೂಲೆಯಾಗಿ ಕಂಡರೆ ಕನ್ನಡಿ ಹಿಡಿದಿರುವ ಮೂರು ಕ್ಲಿಪ್‌ಗಳು ಬಿಗಿಯಾಗಿ ಕಚ್ಚಿವೆ. ಕ್ಲಿಪ್ಪಿಗೂ ಗಾಜಿಗೂ ನಡುವೆ ಒಂದು ಕಾಗದ ಸಲೀಸಾಗಿ ನುಸುಳುವಷ್ಟು ಸಡಿಲ ಇರಬೇಕು. ಉಂಗುರ ಮೊಟ್ಟೆಯಾಕಾರವಾಗಿ, ಫೋಕಸಿನ ಈಚೆ ಒಂದು ದಿಕ್ಕಿಗೆ, ಆಚೆ ಅಡ್ಡ ದಿಕ್ಕಿಗೆ ಉದ್ದವಾದರೆ ಯೋಚಿಸಬೇಕು. ಮೊದಲು ನಿಮ್ಮ ತಲೆಯನ್ನು ವಾಲಿಸಿ ನೋಡಿ. ಆಕಾರವೂ ಜೊತೆಗೇ ತಿರುಗಿದರೆ ದೋಷ ನಿಮ್ಮ ಕಣ್ಣಿನದು. ತಿರುಗದಿದ್ದರೆ ಯಾವುದೋ ಕನ್ನಡಿಗೆ ಒತ್ತಡ ಬೀಳುತ್ತಿದೆ ಅಥವಾ ಆಕಾರ ಕೆಟ್ಟಿದೆ. ಕಂಡದ್ದನ್ನು ಪೆನ್ಸಿಲಿನಲ್ಲಿ ಬಿಡಿಸಿ ತಾರೀಕು ಹಾಕಿ. ರಿಪೇರಿ ಮಾಡುವವರು ನಿಮ್ಮ ಹತ್ತು ಸಾಲಿನ ವಿವರಣೆಗಿಂತ ಆ ಚಿತ್ರವನ್ನೇ ಮೊದಲು ನೋಡುತ್ತಾರೆ.

ಸರಿಪಡಿಸುವ ದಿನ ಎರಡು ಎಚ್ಚರಿಕೆ. ಚಿಕ್ಕ ಕನ್ನಡಿಯ ಸ್ಕ್ರೂ ಮುಟ್ಟುವಾಗ ಟ್ಯೂಬನ್ನು ಅಡ್ಡ ಮಲಗಿಸಿಕೊಳ್ಳಿ. ನಿಲ್ಲಿಸಿಕೊಂಡು ಮಾಡಿದರೆ, ಸ್ಕ್ರೂ ತಿರುಗಿಸುವ ಕೀಲಿ ಕೈಜಾರಿ ನೇರ ದೊಡ್ಡ ಕನ್ನಡಿಯ ಮೇಲೇ ಬೀಳುತ್ತದೆ. ದೊಡ್ಡ ಕನ್ನಡಿಯ ಹಿಂಬದಿಯ ಸ್ಕ್ರೂಗಳನ್ನು ಒಮ್ಮೆಗೆ ಕಾಲು ಸುತ್ತು ಮಾತ್ರ ತಿರುಗಿಸಿ, ನಕ್ಷತ್ರವನ್ನು ಮತ್ತೆ ನಡುವಿಗೆ ತಂದು ನೋಡಿ, ಹದಗೆಟ್ಟರೆ ವಾಪಸ್ ತಿರುಗಿಸಿ. ಸ್ಟ್ಯಾಂಡಿನ ಸಮೇತ ಬಿದ್ದಿರುವುದರಿಂದ ಐಪೀಸ್ ಕೂರುವ ಫೋಕಸರ್‌ನ ಬುಡ ಓರೆಯಾಗಿದೆಯಾ ಅಂತಲೂ ನೋಡಿ. ಅದು ಓರೆಯಾಗಿದ್ದರೆ ಎಷ್ಟು ಕಾಲಿಮೇಷನ್ ಮಾಡಿದರೂ ನಿಲ್ಲುವುದಿಲ್ಲ. (ಲೆನ್ಸ್ ಟೆಲಿಸ್ಕೋಪ್ ಇರುವವರು ಇದನ್ನು ಓದುತ್ತಿದ್ದರೆ: ಮುಂದಿನ ಲೆನ್ಸ್ ಜೋಡಿಯನ್ನು ಬಿಚ್ಚಬೇಡಿ. ಎರಡು ಗಾಜುಗಳು ಯಾವ ಕೋನದಲ್ಲಿ ಕೂತಿದ್ದವೋ ಹಾಗೆಯೇ ಕೂರಬೇಕು.)

ಇನ್ಶೂರೆನ್ಸ್ ವಿಷಯದಲ್ಲಿ ಪಾಲಿಸಿಯ ಮೊದಲ ಪುಟ ಓದಿ ಸುಮ್ನೆ ಸಮಾಧಾನ ಮಾಡಿಕೊಳ್ಳಬೇಡಿ. ಮನೆ ಸಾಮಾನಿನ ಪಾಲಿಸಿ ಸಾಮಾನ್ಯವಾಗಿ ಬೆಂಕಿ, ಕಳ್ಳತನ, ನೀರು ನುಗ್ಗುವುದು ಇಂಥವಕ್ಕೆ ಇರುತ್ತದೆ. ಕೈತಪ್ಪಿ ಬಿದ್ದದ್ದು, ಅಂದರೆ ಆಕಸ್ಮಿಕ ಹಾನಿ, ಎಷ್ಟೋ ಪಾಲಿಸಿಗಳಲ್ಲಿ ಬೇರೆ ದುಡ್ಡು ಕೊಟ್ಟು ಸೇರಿಸಿಕೊಳ್ಳಬೇಕಾದ ಭಾಗ. ಅದಿದ್ದರೂ "ಮನೆಯೊಳಗೆ ಮಾತ್ರ" ಅಂತ ಇರಬಹುದು. ನಿಮ್ಮದು ಎಲ್ಲಿ ಬಿತ್ತು ಅನ್ನುವುದು ಅದಕ್ಕೇ ಮುಖ್ಯ. ಬೂಷ್ಟು, ತುಕ್ಕು, ಸವೆತ, ಮೋಟಾರ್ ತಾನಾಗಿ ಕೆಡುವುದು ಇವನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ. ಒಂದು ವಸ್ತುವಿಗೆ ಇಷ್ಟೇ ಅಂತ ಮಿತಿ ಇದ್ದು, ಅದಕ್ಕಿಂತ ಬೆಲೆಬಾಳುವುದನ್ನು ಹೆಸರು ಹೇಳಿ ಬರೆಸಬೇಕಾಗಿರಬಹುದು. ಸವಕಳಿ ಕಳೆದು ಕೊಡುತ್ತಾರಾ, ಹೊಸದರ ಬೆಲೆ ಕೊಡುತ್ತಾರಾ, ನಿಮ್ಮ ಕೈಯಿಂದ ಮೊದಲು ಎಷ್ಟು ಹಾಕಬೇಕು, ಈ ಮೂರನ್ನು ಲಿಖಿತವಾಗಿ ಕೇಳಿ. ನಿಮ್ಮ ಪಾಲಿನ ಮೊತ್ತ ರಿಪೇರಿ ಖರ್ಚಿಗಿಂತ ಜಾಸ್ತಿ ಇದ್ದರೆ ಕ್ಲೇಮ್ ಮಾಡುವುದರಲ್ಲಿ ಅರ್ಥವಿಲ್ಲ.

ಇನ್ನೊಂದು ಕಡೆ ಬಹಳ ಜನ ಮೋಸಹೋಗುತ್ತಾರೆ. ಪ್ರೀಮಿಯಂ ಉಳಿಸೋಕೆ ಅರ್ಧ ಬೆಲೆಗೆ ವಿಮೆ ಮಾಡಿಸಿದರೆ, ಸಣ್ಣ ಹಾನಿಗೂ ಅರ್ಧವೇ ಕೊಡುವ ಷರತ್ತು ಇರಬಹುದು. ನೂರು ಖರ್ಚಾದರೆ ಐವತ್ತು. ಐಪೀಸ್, ಫೈಂಡರ್ (ಗುರಿ ಹಿಡಿಯುವ ಚಿಕ್ಕ ಟೆಲಿಸ್ಕೋಪ್), ಕ್ಯಾಮೆರಾ ಎಲ್ಲ ಒಂದೊಂದಾಗಿ ಕೂಡಿಕೊಂಡು ಬಂದಿರುತ್ತವೆ. ಅವನ್ನೂ ಸೇರಿಸಿ ಬೆಲೆ ಹಾಕಿ. ಈ ಸಲದ ಕ್ಲೇಮಿಗೆ ರಿಪೇರಿಯವರಿಂದ ಲಿಖಿತ ಅಂದಾಜು ತಗೊಳ್ಳಿ. ಕನ್ನಡಿ, ಕೂಲಿ, ಸಾಗಾಟ ಬೇರೆಬೇರೆ ಸಾಲಿನಲ್ಲಿ ಇರಲಿ. ಕೊರಿಯರ್‌ನಲ್ಲಿ ಕಳಿಸುವುದಾದರೆ ದೊಡ್ಡ ಕನ್ನಡಿಯನ್ನು ಬಿಚ್ಚಿ ಬೇರೆ ಪೆಟ್ಟಿಗೆಯಲ್ಲಿ ಕಳಿಸಿ, ಕಟ್ಟುವಾಗ ಹಂತಹಂತಕ್ಕೂ ಫೋಟೋ ತೆಗೆಯಿರಿ. ಪ್ಯಾಕಿಂಗ್ ಸರಿಯಿರಲಿಲ್ಲ ಅನ್ನುವುದು ಸಾಗಾಟದ ವಿಮೆಯಲ್ಲಿ ಸಾಮಾನ್ಯವಾಗಿ ಬರುವ ತಕರಾರು.

ಮುಂದಕ್ಕೆ ಬೇರೆ ಪಾಲಿಸಿ ಬೇಕಾ? ಟೆಲಿಸ್ಕೋಪ್ ಮನೆಯ ಅಂಗಳ ದಾಟುವುದಿಲ್ಲ, ಕಂಪ್ಯೂಟರ್ ಮೌಂಟ್ ಇಲ್ಲ ಅಂದರೆ ನಾನಾದರೆ ಮಾಡಿಸುವುದಿಲ್ಲ. ಆ ದುಡ್ಡಿಗೆ ಗಟ್ಟಿ ಸ್ಟ್ಯಾಂಡ್ ತಗೊಳ್ಳುತ್ತೇನೆ. ಕಾರಿನಲ್ಲಿ ಹಾಕಿಕೊಂಡು ಕತ್ತಲ ಜಾಗಕ್ಕೆ ಹೋಗುತ್ತೀರಿ, ಕ್ಯಾಮೆರಾ ಮೋಟಾರ್ ಎಲ್ಲ ಇದೆ ಅಂದರೆ ಖಂಡಿತ ಮಾಡಿಸಿ. ಯಾರೂ ಇಲ್ಲದ ಕಾರಿನಿಂದ ಕಳುವಾದರೆ ಕೊಡುತ್ತಾರಾ ಅಂತ ಮಾತ್ರ ಮರೆಯದೆ ಕೇಳಿ. ಮಕ್ಕಳಿಗೆ, ಜನರಿಗೆ ಆಕಾಶ ತೋರಿಸುವ ಅಭ್ಯಾಸ ಇದ್ದರೆ, ಸ್ಟ್ಯಾಂಡಿಗೆ ಎಡವಿ ಯಾರಿಗಾದರೂ ಪೆಟ್ಟಾದರೆ ಅನ್ನುವುದಕ್ಕೂ ರಕ್ಷಣೆ ಬೇಕು. ಅದು ವಸ್ತುವಿನ ವಿಮೆಯಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಹೊಸ ಪಾಲಿಸಿ ಬರೆಸುವಾಗ ಕನ್ನಡಿಯ ಚೂರು ಹೋಗಿರುವುದನ್ನು ಮುಚ್ಚಿಡಬೇಡಿ. ಆಗಿಹೋದ ಹಾನಿಗೆ ಯಾರೂ ಕೊಡುವುದಿಲ್ಲ, ಮುಚ್ಚಿಟ್ಟಿದ್ದು ಗೊತ್ತಾದರೆ ಮುಂದಿನದಕ್ಕೂ ಕೊಡದೆ ಇರಬಹುದು.

ಆಕಾಶ ತಿಳಿಯಾಗಿದ್ದರೆ ಇವತ್ತೇ ಉಂಗುರಗಳನ್ನು ನೋಡಿ. ಫೋಕಸಿನ ಈಚೆಯದೊಂದು, ಆಚೆಯದೊಂದು ಚಿತ್ರ ಬಿಡಿಸಿ ಇಲ್ಲೇ ಹಾಕಿ, ಟಾರ್ಚ್ ಬೆಳಕಿನಲ್ಲಿ ತೆಗೆದ ಅಂಚಿನ ಫೋಟೋ ಕೂಡ. ಅದು ಕ್ಲಿಪ್ಪಿನದಾ, ಕಾಲಿಮೇಷನ್ನಿನದಾ, ಬಿರುಕಿನದಾ ಅಂತ ಒಟ್ಟಿಗೆ ಕೂತು ನೋಡೋಣ.